ಒಂದೇ ಟಬ್ಬಿನಲ್ಲಿ ನಾಲ್ಕು ಕಾಲು

ಅತ್ತೆಗೆ ನಮಸ್ಕಾರ.

ಕೋರ್ಟಿನಲ್ಲಿ ನಿಮ್ಮ ಮಗನೂ ನಾನೂ ಸಹಿ ಹಾಕಿ ಬೇರೆಯಾದ ಮೇಲೆ ನಿಮ್ಮನ್ನು ಏನಂತ ಕರೆಯಬೇಕೋ ತಿಳಿಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನೇ ಬರೆದೆ.

ಈ ಹೊಸ ಮನೆಯಲ್ಲೂ ಭಾನುವಾರ ನಿಮ್ಮದೇ ಕಾನೂನು. ಎದ್ದ ಕೂಡಲೇ ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸುತ್ತೇನೆ. ಹೊಲಿಗೆ ಯಂತ್ರಕ್ಕೆ ಹಳೇ ಬೆಡ್‌ಶೀಟ್ ಹೊದಿಸಿ, ನಿಮ್ಮ ಹಾಗೇ "ಮಲಗಮ್ಮ ನೀನೂ" ಅನ್ನುತ್ತೇನೆ. ಪೇಪರನ್ನು ಕೊನೇ ಪುಟದಿಂದ ಓದುತ್ತೇನೆ. ವಾರವಿಡೀ ಊರವರ ಬಟ್ಟೆ ಹೊಲಿದೂ ಒಂದು ದಿನವನ್ನು ಇಷ್ಟು ಹಾಯಾಗಿ ಕಳೆಯುವ ವಿದ್ಯೆ ನಿಮಗಲ್ಲದೆ ಇನ್ಯಾರಿಗೆ ಬರುತ್ತೆ! ನನ್ನ ಜೊತೆ ಹೊಲಿಯುವವರಿಗೂ ಹೇಳಿಕೊಟ್ಟಿದ್ದೇನೆ. ಅವರೆಲ್ಲ ನಿಮ್ಮನ್ನು "ಭಾನುವಾರದ ಮಹಾರಾಣಿ" ಅಂತಾರೆ.

ಕಾಲು ನೆನೆಸುವ ಬಿಸಿನೀರಿನ ಟಬ್ಬು ಮಾತ್ರ ಯಾಕೋ ಕೈಕೊಟ್ಟಿದೆ. ಅಲ್ಲಿ ನಾನು ಕಾಲು ಇಳಿಬಿಟ್ಟರೆ ಸಾಕು, "ಜರುಗೇ ಆಚೆ" ಅಂತ ನೀವೂ ನಿಮ್ಮ ಕಾಲು ತೂರಿಸುತ್ತಿದ್ದಿರಿ. ಈಗ ಜಾಗ ಬೇಕಾದಷ್ಟಿದೆ, ನೀರು ಬೇಗ ತಣ್ಣಗಾಗುತ್ತದೆ.

ಬರುವ ಭಾನುವಾರ ಬನ್ನಿ. ನಿಮ್ಮ ಮಗನಿಗೆ ಹೇಳಿಯೇ ಬನ್ನಿ, ಕದ್ದುಮುಚ್ಚಿ ಬೇಡ. ಯಾವ ಸಂಬಂಧ ಅಂತ ಯಾರಾದರೂ ಕೇಳಿದರೆ, ಅಪ್ಪನ ಅಕ್ಕನೂ ಅತ್ತೆಯೇ, ತಮ್ಮನ ಮಗಳೂ ಸೊಸೆಯೇ ಅಂದುಬಿಡಿ. ಆ ನೆಂಟಸ್ತಿಕೆಗೆ ಯಾವ ಕೋರ್ಟೂ ಕೈಹಾಕಲಾರದು.

ಇಂತಿ,
ನಿಮ್ಮ ಸೊಸೆ