ಗೇಟಿನ ಹೊರಗಿನ ಮಡಿಲಕ್ಕಿ

ಕುಂಬಾರಕೊಪ್ಪಲು, ಮೈಸೂರು
ತಾ. ೨೩-೧-೨೦೨೬, ಶುಕ್ರವಾರ

ಮುದ್ದು ಕಂದ ಸಿಂಚನಾ,

ನಿನ್ನ ಅಜ್ಜಿ ಮಾದೇವಮ್ಮ ತಲೆ ನೇವರಿಸಿ ಮಾಡುವ ಆಶೀರ್ವಾದಗಳು. ಹೇಗಿದ್ದೀಯೆ ಮಗಳೇ? ಪೋಖರಾದಲ್ಲಿ ಚಳಿ ಮೂಳೆಗೆ ಇಳಿಯುತ್ತದೆಂದು ನಿನ್ನ ಅಮ್ಮ ಹೇಳುತ್ತಿದ್ದಳು, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಹೋಗು. ಆಟದ ಕೊನೆಗೆ ನೀನು ಬಲಗಾಲು ಎಳೆಯುತ್ತಿದ್ದೆಯೆಂದು ಚಂದ್ರು ಮಾವ ಹೇಳಿದ. ಐಸು ಇಟ್ಟು ಸುಮ್ಮನಾಗಬೇಡ, ಮಲಗುವಾಗ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟುಕೋ. ನಿಮ್ಮಪ್ಪನ ಬೆನ್ನುನೋವು ಹೇಗಿದೆ? ಅಲ್ಲಿಯ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ನಮ್ಮಿಬ್ಬರಿಗೂ ಮಾತು ಅರ್ಥವಾಗದಿದ್ದರೂ ಫೋನಿನಲ್ಲಿ ಆಕೆ ನಗುವುದು ನನಗೆ ಬಹಳ ಇಷ್ಟ. ಇಲ್ಲಿ ನಾನೂ ತಾತನೂ ಹೇಗೋ ನಡೆದಿದ್ದೇವೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿನ್ನ ಮೂರನೇ ಕ್ಲಾಸಿನ ಪುಸ್ತಕ ನೋಡಿಕೊಂಡು ಒತ್ತಕ್ಷರ ಕಲಿತವಳು ನಾನು, ತಪ್ಪಿದ್ದರೆ ಅದು ನನ್ನ ಮೇಷ್ಟ್ರಮ್ಮನದೇ ತಪ್ಪು.

ಭಾನುವಾರ ರಾತ್ರಿ ನೀನು ಕಳಿಸಿದ ಎರಡು ಸಾಲನ್ನು ಚಂದ್ರು ಓದಿ ಹೇಳಿದ. "ಅಜ್ಜಿ ಯಾಕೆ ಬರಲಿಲ್ಲ? ನಾನು ಆ ಕಡೆ ಸೇರಿಕೊಂಡು ಆಡಿದ್ದಕ್ಕೆ ಬೇಜಾರಾ?" ಅಷ್ಟೇ. ಆಮೇಲೆ ನಾನು ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ನಾನು ಮಾತಾಡಲಾರೆ, ಅಳುವುದೊಂದೇ ಆಗುತ್ತದೆ, ನೀನೂ ಅಳುತ್ತೀಯೆ. ಅದಕ್ಕೇ ಬರೆಯುತ್ತಿದ್ದೇನೆ. ಪ್ರತಿ ಹಾಳೆಯನ್ನೂ ಫೋಟೋ ಹಿಡಿದು ಈವತ್ತೇ ಕಳಿಸು, ಕಾಗದವನ್ನು ನಾಳೆ ಪೋಸ್ಟಿಗೆ ಹಾಕು ಎಂದು ಚಂದ್ರುವಿಗೆ ಹೇಳಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ ಕಂದಾ, ನಾನು ಬಂದಿದ್ದೆ. ತಾತನ ಪಕ್ಕದ ಖಾಲಿ ಕುರ್ಚಿ ನನ್ನದೇ. ನಾನು ಗೇಟಿನ ಹೊರಗೆ ಇದ್ದೆ.

ಸುತ್ತಮುತ್ತಲ ದೇಶಗಳ ಹುಡುಗಿಯರ ಫುಟ್‌ಬಾಲ್ ಪಂದ್ಯಾವಳಿ ಈ ಸಲ ಬೆಂಗಳೂರಿನಲ್ಲಿ, ನಾನು ನೇಪಾಳದ ಟೀಮಿನಲ್ಲಿ ಬರುತ್ತಿದ್ದೇನೆ ಎಂದು ನೀನು ಹೇಳಿದ ದಿನದಿಂದ ನನಗೆ ಒಂದೇ ಯೋಚನೆ. ಮೈಸೂರಿಗೆ ಬರಲು ಟೀಮಿನವರು ಬಿಡುವುದಿಲ್ಲ, ನೀವೇ ಬನ್ನಿ, ಮೂರು ಪಾಸು ಕಳಿಸುತ್ತೇನೆ, ಆಟ ಮುಗಿದ ಮೇಲೆ ಐದು ನಿಮಿಷ ಸಿಗುತ್ತೇನೆ ಎಂದೆಯಲ್ಲ. ಆ ಐದು ನಿಮಿಷದಲ್ಲಿ ನಿನ್ನ ಮಡಿಲು ತುಂಬಿಬಿಡಬೇಕು ಎಂದುಕೊಂಡೆ.

ನಿನಗೆ ನೆನಪಿದೆಯೋ ಇಲ್ಲವೋ. ಕೊರೋನಾ ವರ್ಷ ಯಾದವಗಿರಿಯ ಹೋಟೆಲು ಮುಚ್ಚಿ ನಿಮ್ಮಪ್ಪನ ಅಡಿಗೆ ಕೆಲಸ ಹೋಯಿತು. ನೇಪಾಳದವರನ್ನು ಊರಿಗೆ ಮುಟ್ಟಿಸುವ ಬಸ್ಸು ನಾಳೆಯೇ ಹೊರಡುತ್ತದೆ ಎಂದು ಫೋನು ಬಂತು. ಅದೇ ವಾರ ತಾತನ ತಾಯಿ ತೀರಿಕೊಂಡಿದ್ದರು. ಸೂತಕದ ಮನೆಯಲ್ಲಿ ಮಗಳ ಮಡಿಲು ತುಂಬುವಂತಿಲ್ಲ. ಹೊಸಿಲಲ್ಲಿ ನಿಂತ ನಿಮ್ಮಮ್ಮ ಹೇಮಶ್ರೀಯ ಬರಿ ಸೆರಗನ್ನೇ ನೋಡುತ್ತಿದ್ದೆ. ಅವಳೇ ನನಗೆ ಸಮಾಧಾನ ಹೇಳಿದಳು. "ಇರ್ಲಿ ಬುಡವ್ವ, ದಸರಾಕ್ಕೆ ಬತ್ತೀನಲ್ಲ, ಆಗ ಎರಡು ಸಲ ತುಂಬುವಂತೆ." ಮಾರನೇ ವರ್ಷ ಅದೇ ಕಾಯಿಲೆ ಅವಳನ್ನು ಅಲ್ಲೇ ಇಟ್ಟುಕೊಂಡಿತು. ಗಡಿ ಮುಚ್ಚಿತ್ತು. ನಿಮ್ಮಪ್ಪ ಫೋನಿನಲ್ಲಿ ಅವಳ ಮುಖವನ್ನು ಕೊನೆಯ ಸಲ ತೋರಿಸಿದರು. ನನ್ನ ಮಗಳು ತವರಿನಿಂದ ಬರಿ ಮಡಿಲಲ್ಲಿ ಹೋದಳು ಎನ್ನುವುದು ನನಗೆ ಊಟದ ಮುಂದೆ ಕೂತಾಗೆಲ್ಲ ನೆನಪಾಗುತ್ತದೆ. ಅವಳಿಗೆ ಸಲ್ಲಬೇಕಾದದ್ದು ಅವಳ ಮಗಳಿಗಾದರೂ ಸಲ್ಲಲಿ ಎಂದು ನನ್ನ ಆಸೆ.

ಎದುರುಮನೆ ದೇವಿರಮ್ಮ ಕೇಳಿದ್ದೇ ತಡ, "ಮದುವೆ ಆಗದಿರೋ ಹುಡುಗಿಗೆ ಎಂಥದ್ದೇ ಮಡಿಲಕ್ಕಿ? ಚಡ್ಡಿ ಹಾಕ್ಕೊಂಡು ಆಡೋಳಿಗೆ ಸೆರಗೆಲ್ಲಿಂದ ತತ್ತೀಯೆ?" ಎಂದಳು. "ಸೆರಗಿಲ್ದಿದ್ರೆ ಅಂಗಿ ಒಡ್ತಾಳೆ ಕಣೆ, ನಿಂಗೇನಾಗ್ಬೇಕು?" ಎಂದೆ. ಬಯ್ದರೂ ಕೊನೆಗೆ ಅವಳೇ ಬಂದು ಅಕ್ಕಿ ಆರಿಸಿಕೊಟ್ಟಳು. ಸೋನಾಮಸೂರಿ ಅಕ್ಕಿ, ಎರಡು ಅಚ್ಚು ಬೆಲ್ಲ, ಅರಿಶಿನದ ಕೊಂಬು, ಕುಂಕುಮ, ವೀಳ್ಯದೆಲೆ, ಅಡಿಕೆ, ಹಸಿರು ರವಿಕೆ ಕಣ, ಸಂಕ್ರಾಂತಿಯ ಎಳ್ಳುಬೆಲ್ಲ, ಮೇಲೊಂದು ಜುಟ್ಟಿರುವ ತೆಂಗಿನಕಾಯಿ. ನಿಮ್ಮಮ್ಮನ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಅದರಲ್ಲೇ ಗಂಟು ಕಟ್ಟಿದೆ. ಕಟ್ಟಿದ ಮೇಲೆ ನೆಲಕ್ಕೆ ಇಡುವಂತಿಲ್ಲವಲ್ಲ, ರೈಲಿನಲ್ಲಿ ಬೆಂಗಳೂರು ಮುಟ್ಟುವವರೆಗೂ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದೆ. ಮದ್ದೂರಿನಲ್ಲಿ ತಾತ ವಡೆ ಕೊಡಿಸಿದರೆ ಒಂದೇ ಕೈಯಲ್ಲಿ ತಿಂದೆ.

ಸ್ಟೇಡಿಯಮ್ಮಿನ ಗೇಟಿನಲ್ಲಿ ಚೀಲ ತಪಾಸಣೆ. ಹೆಣ್ಣುಮಕ್ಕಳ ಸಾಲಿನಲ್ಲಿ ಒಬ್ಬ ಸೆಕ್ಯೂರಿಟಿ ಹುಡುಗಿ, ಮಾತು ಕೇಳಿದರೆ ಮಂಡ್ಯದ ಕಡೆಯವಳು. ಗಂಟು ಬಿಚ್ಚಿಸಿ ನೋಡಿದಳು. "ಅಯ್ಯೋ ಅಜ್ಜಿ, ತೆಂಗಿನಕಾಯಿ ಬುಡಕಿಲ್ಲ ಕಣಜ್ಜಿ. ಯಾರಾದ್ರೂ ಗ್ರೌಂಡಿಗೆ ಎಸುದ್ಬುಟ್ರೆ?" "ಯಾರ ಮೇಲವ್ವ ಎಸೀಲಿ, ನನ್ನ ಮೊಮ್ಮಗಳ ಮೇಲಾ?" ಎಂದೆ. ಹಿಂದಿನವರೆಲ್ಲ ನಕ್ಕರು. ಅವಳೂ ನಕ್ಕಳು, ಆದರೆ ಬಿಡಲಿಲ್ಲ. ಅಕ್ಕಿಯನ್ನೂ ಬಿಡುವುದಿಲ್ಲವಂತೆ, ಹೊರಗಿನಿಂದ ಏನನ್ನೂ ಒಯ್ಯುವಂತಿಲ್ಲವಂತೆ. ಅಲ್ಲೇ ಪಕ್ಕದಲ್ಲಿ ಜನರಿಂದ ಕಿತ್ತುಕೊಂಡ ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ, ಸಿಗರೇಟುಗಳ ರಾಶಿ ಬಿದ್ದಿತ್ತು. "ಅಲ್ಲಿಕ್ಕಿ ಹೋಗಿ, ಬರ್ತಾ ಇದ್ರೆ ತಗೊಳ್ಳಿ" ಎಂದಳು. ನಿಮ್ಮಮ್ಮನ ಸೆರಗನ್ನು ಸಿಗರೇಟಿನ ರಾಶಿಯ ಮೇಲೆ ಹೇಗೆ ಇಡಲಿ ಮಗಳೇ?

ಚಂದ್ರು ಕೈ ಚಾಚಿದ, "ಕೊಡವ್ವ, ನಾನಿಲ್ಲೇ ಹಿಡ್ಕೊಂಡಿರ್ತೀನಿ, ನೀವಿಬ್ರೂ ಹೋಗಿ." ಆಗಲೇ ಒಳಗೆ ನಿಮ್ಮ ಹೆಸರುಗಳನ್ನು ಕೂಗುತ್ತಿದ್ದರು. ಮೇಲೆ ಹೋಗಲು ಎಷ್ಟೊಂದು ಮೆಟ್ಟಿಲು, ತಾತನಿಗೆ ಈಗ ಮೆಟ್ಟಿಲೆಂದರೆ ಆಗದು, ಮಂಡಿ ನೋವು ಎನ್ನುತ್ತಾರೆ. ಅವರನ್ನು ಹಿಡಿದು ಹತ್ತಿಸುವ ಶಕ್ತಿ ನನ್ನ ರಟ್ಟೆಯಲ್ಲಿಲ್ಲ, ಅದು ಚಂದ್ರುವಿಂದಲೇ ಆಗಬೇಕು. ಕುಂಬಾರಕೊಪ್ಪಲಿನ ಬಯಲಿನಲ್ಲಿ ನಿನ್ನ ಕಾಲಿಗೆ ಮೊದಲು ಚೆಂಡು ಕೊಟ್ಟವರು ತಾತ. ರೈಲ್ವೆ ವರ್ಕ್‌ಶಾಪಿನ ಟೀಮಿಗೆ ಗೋಲು ಕಾಯುವ ಗೋಲಿ ಆಗಿದ್ದವರು, "ಚೆಂಡು ನೋಡ್ಬೇಡ ಕಣವ್ವ, ಎದುರಿನವರ ಸೊಂಟ ನೋಡು, ಅದು ಸುಳ್ಳು ಹೇಳಲ್ಲ" ಎಂದು ಸಂಜೆಯೆಲ್ಲ ಕೂಗುತ್ತಿದ್ದರು. ಇಬ್ಬರಲ್ಲಿ ಒಬ್ಬರು ನೋಡಬೇಕೆಂದರೆ ಅವರೇ ನೋಡಬೇಕು. ನನಗೆ ಆಟದಲ್ಲಿ ಏನು ತಿಳಿಯುತ್ತದೆ, ನನಗೆ ಬೇಕಾದದ್ದು ಕೊನೆಯ ಐದು ನಿಮಿಷ. ಹೋಗಿ, ಅವಳನ್ನು ನನ್ನ ಪಾಲಿಗೂ ನೋಡಿಕೊಂಡು ಬನ್ನಿ ಎಂದು ಅವರಿಬ್ಬರನ್ನೂ ಒಳಗೆ ಕಳಿಸಿದೆ.

ಸ್ಟೇಡಿಯಮ್ಮಿನ ಗೋಡೆಯ ಹೊರಗೆ ಒಬ್ಬ ಟೀ ಮಾರುವವನು ಸೈಕಲ್ಲು ನಿಲ್ಲಿಸಿಕೊಂಡಿದ್ದ. ಅವನ ಪಕ್ಕದ ಕಲ್ಲಿನ ಮೇಲೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೋ ಎಂದು ಸದ್ದೆದ್ದಿತು ನೋಡು, ಮರದ ಮೇಲಿನ ಹಕ್ಕಿಗಳೆಲ್ಲ ಹಾರಿದವು. ಟೀಯವನು ಫೋನು ನೋಡಿ "ನಮ್ಮ ಇಂಡಿಯಾದೋರು ಗೋಲು ಹೊಡುದ್ರು ಅಜ್ಜಿ" ಎಂದ. ಆಮೇಲೆ ಒಂದು ಸಲ, ಅಷ್ಟು ಸಾವಿರ ಜನರ ಗದ್ದಲ ಇದ್ದಕ್ಕಿದ್ದಂತೆ ಕತ್ತರಿಸಿದಂತೆ ನಿಂತಿತು. ಎಲ್ಲೋ ಒಂದು ಮೂಲೆಯಲ್ಲಿ ಮಾತ್ರ ಒಂದು ಹಿಡಿ ಜನ ಕಿರುಚುತ್ತಿದ್ದರು. ಏನಾಯಿತಪ್ಪ ಎಂದೆ. "ನೇಪಾಳದ ಹನ್ನೊಂದನೇ ನಂಬರು, ಎಡಗಾಲಲ್ಲಿ ಬಾರಿಸ್ಬುಟ್ಳು ಕಣಜ್ಜಿ, ಏನ್ ಹುಡುಗಿನೋ!" ಎಂದ. ಅದು ನನ್ನ ಮೊಮ್ಮಗಳು ಎಂದೆ. ಅವನು ನನ್ನ ಮುಖ ನೋಡಿ, ಗಂಟು ನೋಡಿ, "ಹಂಗಾದ್ರೆ ನೀವು ಯಾವ ಪಾರ್ಟಿ ಅಜ್ಜಿ?" ಎಂದು ನಕ್ಕ. ನಂಬಲಿಲ್ಲ. ಆದರೂ ಟೀ ಕೊಟ್ಟು ಕಾಸು ಬೇಡ ಎಂದ.

ಆಮೇಲೆ ನಾನು ಕಾಯುತ್ತಿದ್ದದ್ದು ಗದ್ದಲಕ್ಕಲ್ಲ ಕಂದಾ, ಅಂಥದೇ ಇನ್ನೊಂದು ಮೌನಕ್ಕೆ. ಅದು ಮತ್ತೆ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಹಕ್ಕಿಗಳನ್ನು ಎಬ್ಬಿಸುವ ಸದ್ದು ಮತ್ತೊಮ್ಮೆ ಎದ್ದಿತು, ಎದ್ದದ್ದು ಇಳಿಯಲೇ ಇಲ್ಲ. ಟೀಯವನು ಈ ಸಲ ಫೋನು ಜೇಬಿಗಿಟ್ಟು ಲೋಟ ತೊಳೆಯತೊಡಗಿದ. ಆಗ ನನಗೆ ತಿಳಿಯಿತು.

ಜನ ಹೊರಬರುವ ಮೊದಲೇ ನಿಮ್ಮ ಬಸ್ಸು ಹೋಗುವ ಗೇಟನ್ನು ಕೇಳಿಕೊಂಡು ಓಡಿದೆ. ಅಲ್ಲಿ ಹಗ್ಗ ಕಟ್ಟಿದ್ದರು. ಸೋತವರನ್ನು ಬೇಗ ಹೊರಡಿಸುತ್ತಾರಂತೆ, ಯಾರನ್ನೂ ಭೇಟಿಗೆ ಬಿಡುವುದಿಲ್ಲವಂತೆ. ಬಸ್ಸು ಬಂತು. ಮುಂದೆ ಟ್ರಾಫಿಕ್ಕಿಗೆ ಸಿಕ್ಕಿ ನನ್ನೆದುರಿಗೇ ನಿಂತಿತು. ಒಳಗೆ ಎಲ್ಲರದೂ ಒಂದೇ ಅಂಗಿ, ಎಲ್ಲರ ತಲೆಯೂ ಬಗ್ಗಿತ್ತು, ಕಪ್ಪು ಗಾಜು. ಅದರಲ್ಲಿ ನೀನ್ಯಾರು? ಗಂಟನ್ನು ಎತ್ತಿ ಹಿಡಿದೆ, ಸಿಂಚನಾ ಸಿಂಚನಾ ಎಂದು ಕೂಗಿದೆ. ಗಾಜು ಇಳಿಯಲಿಲ್ಲ. ಇನ್ನೇನು ಹೊರಟುಬಿಡುತ್ತದೆ ಎನ್ನುವಾಗ ಏನು ತೋಚಿತೋ ಏನೋ, ಹಗ್ಗದಡಿ ನುಸುಳಿ ಹೋಗಿ ಬಾಗಿಲಿನ ಪಕ್ಕ ಬಸ್ಸಿಗೇ ಕುಂಕುಮ ಹಚ್ಚಿಬಿಟ್ಟೆ, ಆಯುಧಪೂಜೆಯ ದಿನ ಹಚ್ಚುವಂತೆ. ಪೊಲೀಸಮ್ಮ ರಟ್ಟೆ ಹಿಡಿದು ಎಳೆದಳು. "ತಲೆ ನೆಟ್ಟಗಿದ್ಯಾ ಅಜ್ಜಿ, ಚಕ್ರಕ್ಕೆ ಸಿಕ್ಕಿದ್ರೆ ಗತಿ ಏನು?" ಎಂದು ಗದರಿದಳು. ಬಸ್ಸು ಹೊರಟಿತು. ನನ್ನ ಬೆರಳಲ್ಲಿ ಕುಂಕುಮ ಉಳಿದಿತ್ತು. ಇಷ್ಟೇ ನಡೆದದ್ದು.

ತಾತ ಹೊರಗೆ ಬಂದಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಊರಿಗೆ ಬಂದಮೇಲೆ ಬೀದಿಯವರೆಲ್ಲರಿಗೂ ನಿನ್ನ ಗೋಲಿನ ಕತೆಯನ್ನೇ ಹೇಳುತ್ತಿದ್ದಾರೆ. ಬಲಕ್ಕೆ ಹೋಗುವವಳಂತೆ ಸೊಂಟ ತಿರುಗಿಸಿದಳು, ಆ ಗೋಲಿ ಹುಡುಗಿ ನಂಬಿಬಿಟ್ಟಳು, ಎಡಗಾಲಲ್ಲಿ ಮೂಲೆಗೆ ಸರಿಸಿದಳು, ಆಮೇಲೆ ನಮ್ಮ ಕಡೆ ತಿರುಗಿ ನೋಡಿದಳು ಎಂದು. ಕೇಳುತ್ತ ಕೇಳುತ್ತ ನಾನೇ ನೋಡಿದಂತಾಗಿದೆ. ಗಂಟು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಹೊಸಿಲು ದಾಟಿದ ಮಡಿಲಕ್ಕಿ ಹಿಂದಿರುಗಬಾರದು ಎಂದು ದೇವಿರಮ್ಮ ಮುಖ ಸಿಂಡರಿಸಿದಳು. ಅದು ಹಿಂದಿರುಗಿಲ್ಲ ಕಣೆ, ಇನ್ನೂ ದಾರಿಯಲ್ಲಿದೆ ಎಂದೆ.

ಇನ್ನು ನಿನ್ನ ಎರಡನೇ ಪ್ರಶ್ನೆ. ಆ ಕಡೆ ಸೇರಿಕೊಂಡದ್ದಕ್ಕೆ ಬೇಜಾರೇ ಎಂದೆಯಲ್ಲ ಹುಚ್ಚುಹುಡುಗಿ. ನಾನು ಹುಟ್ಟಿದ್ದು ಬನ್ನೂರಿನ ಕಡೆ. ಈ ಮನೆ ಸೇರಿದ ಮೇಲೆ ಒಂದು ಸಲ ತವರಿನವರಿಗೂ ಇವರಿಗೂ ಮಾತಿಗೆ ಮಾತು ಬೆಳೆಯಿತು. ನಾನು ಇವರ ಪರ ನಿಂತು ನಮ್ಮಣ್ಣನಿಗೇ ಎದುರು ಮಾತಾಡಿದೆ. ಅಣ್ಣ ಕೋಪದಲ್ಲಿ ಉಣ್ಣದೆ ಹೋದ. ಆದರೆ ಗೌರಿಹಬ್ಬಕ್ಕೆ ಕರೆದುಕೊಂಡು ಹೋಗಿ ಅತ್ತಿಗೆಯ ಕೈಯಲ್ಲಿ ಮಡಿಲು ತುಂಬಿಸಿಯೇ ಕಳಿಸಿದ. ಮಡಿಲಕ್ಕಿ ಇರುವುದೇ ಆ ಕಡೆ ಹೋದವರಿಗೆ ಮಗಳೇ. ಈ ಕಡೆಯೇ ಉಳಿದವರಿಗೆ ಅದರ ಅಗತ್ಯವೇನು? ನೀನು ಸೋತೆಯೆಂದು ನನಗೆ ದುಃಖ. ಗೆದ್ದ ಹುಡುಗಿಯರನ್ನು ಕಂಡರೂ ನನಗೆ ಹೊಟ್ಟೆಯುರಿ ಇಲ್ಲ, ಅವರೂ ಯಾರದೋ ಅಜ್ಜಿಯ ಮೊಮ್ಮಕ್ಕಳೇ. ಆಟ ಬಿಡುತ್ತೇನೆ ಗಿಡುತ್ತೇನೆ ಎಂದು ಮಾತ್ರ ಅನ್ನಬೇಡ.

ತಾಯಿ ಚಾಮುಂಡಿ ನಿನ್ನ ಕಾಲಿಗೆ ಬಲ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಅಪ್ಪನ ಮಾತು ಕೇಳು. ತಾತನದೂ ಚಂದ್ರು ಮಾವನದೂ ಆಶೀರ್ವಾದ. ಫೋನು ಎತ್ತು.

ಇಂತಿ ನಿನ್ನ ದಾರಿ ಕಾಯುವ
ಅಜ್ಜಿ ಮಾದೇವಮ್ಮ

ಮರೆತ ಮಾತು: ಮುಗಿಸಿ ಮಡಚುತ್ತಿದ್ದೆ. ಫೋಟೋ ತೆಗೆಯಲು ಕೂತ ಚಂದ್ರು ಓದುತ್ತ ಓದುತ್ತ ತಾತನನ್ನು ನಾನು ಒಳಗೆ ಕಳಿಸಿದ ಕಡೆಗೆ ಬಂದು ಅತ್ತುಬಿಟ್ಟ. ತಾತನಿಗೆ ಮಂಡಿ ನೋವಲ್ಲವಂತೆ. ಕಣ್ಣಿನ ನರ ಒಣಗುತ್ತಿದೆಯಂತೆ, ದೀಪಾವಳಿಗೆ ಮೊದಲೇ ಡಾಕ್ಟರು ಹೇಳಿದ್ದರಂತೆ. ನನಗೆ ಹೇಳಬೇಡ ಎಂದು ಚಂದ್ರುವಿನಿಂದ ಆಣೆ ಹಾಕಿಸಿಕೊಂಡಿದ್ದರಂತೆ. ಅಷ್ಟು ಮೇಲಿನಿಂದ ಅವರಿಗೆ ಮೈದಾನದ ಹಸಿರು ಬಿಟ್ಟು ಏನೂ ಕಂಡಿಲ್ಲ. "ಎಲ್ಲವ್ಳೆ, ಈಗ ಎಲ್ಲವ್ಳೆ" ಎಂದು ಉದ್ದಕ್ಕೂ ಕೇಳುತ್ತಿದ್ದರಂತೆ, ಇವನು ಹೇಳುತ್ತಿದ್ದನಂತೆ. ಅವರು ಬೀದಿಗೆ ಹೇಳುವ ಕತೆ ಇವನ ಬಾಯಿಂದ ಕೇಳಿದ್ದು. ಹಾಗಾದರೆ ನಮ್ಮಿಬ್ಬರಲ್ಲಿ ಯಾರೂ ನಿನ್ನನ್ನು ನೋಡಲಿಲ್ಲ ಮಗಳೇ. ಹತ್ತಿರ ಬಂದರೆ ಮುಖ ಇನ್ನೂ ಕಾಣುತ್ತದಂತೆ, ಎಷ್ಟು ದಿನವೋ ಡಾಕ್ಟರೂ ಹೇಳುವುದಿಲ್ಲವಂತೆ. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುವುದು ಬೇಡ. ಇನ್ನುಮೇಲೆ ವಿಡಿಯೋ ಕಾಲ್ ಮಾಡಿದರೆ ಸುಮ್ಮನೆ ಕೈ ಬೀಸಬೇಡ, ಮೊದಲು ತಾತಾ ಎಂದು ಕೂಗು. ರಜಾ ಕೇಳು. ಕೊಡದಿದ್ದರೂ ಬಾ.