ಹಸು ತಿಂದ ಕಿತ್ತಳೆ ಉಂಡಿ

ಅತ್ತೆ,

ಹದಿನಾರು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆವು. ನಿಮಗೆ ಒಂದು ಚೀಟಿಯನ್ನೂ ಬರೆದವಳಲ್ಲ ನಾನು. ಏನಿದ್ದರೂ ಮುಖಕ್ಕೇ ಹೇಳಿ ಅಭ್ಯಾಸ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಹೇಳಿಕೊಳ್ಳಲು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ನೀವು ಕೊನೆಯದಾಗಿ ಮಾಡಿಟ್ಟ ಕಿತ್ತಳೆ ಉಂಡಿಯನ್ನು ನಾನು ಹಸುವಿಗೆ ಹಾಕಿಬಿಟ್ಟೆ. ಪೂರ್ತಿ ಡಬ್ಬಿ. ನಿಮ್ಮ ಮಗನಿಗೆ ಇದು ಗೊತ್ತಿಲ್ಲ. ನಾಳೆ ಭಾವುಬೀಜ, ಅಣ್ಣನಿಗೆ ಆರತಿ ಎತ್ತಲು ಹುಬ್ಬಳ್ಳಿಯಿಂದ ನಿಮ್ಮ ಮಗಳು ಸುಧಾ ಬರುತ್ತಾಳೆ. ಅಣ್ಣ ತಂಗಿ ಇಬ್ಬರೂ ಕೂತು ಆ ಡಬ್ಬಿ ತೆಗೆಯುವವರಿದ್ದಾರೆ.

ಆಷಾಢದ ಆ ಬೆಳಿಗ್ಗೆ ನಿಮಗೆ ನೆನಪಿದೆಯೇ? ಗಿರೀಶ ಸಿವಿಲ್ ಲೈನ್ಸಿನ ಆಫೀಸಿಗೆ ಹೊರಟು ಬಾಗಿಲಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದರು. ನೀವು ಮಂಚದಿಂದಲೇ ಡಬ್ಬಿ ಚಾಚಿ, "ಒಂದ ಉಂಡಿ ಬಾಯಾಗ ಹಾಕ್ಕೊಂಡ ಹೋಗೋ ಗಿರ್ಯಾ" ಎಂದಿರಿ. "ಜಲ್ದಿ ಐತವ್ವಾ, ಸಂಜೀಕ ಬಂದ ತಿಂತೀನಿ" ಎಂದು ಅವರು ಮೆಟ್ಟಿಲಿಳಿದುಹೋದರು. ಮಧ್ಯಾಹ್ನ ಚಹಾ ತಂದು ನಿಮ್ಮನ್ನು ಎಬ್ಬಿಸಲು ಹೋದೆ, ಆಗ ನೀವು... ನಾನು ಫೋನು ಮಾಡಿದ ಅರ್ಧ ಗಂಟೆಗೆ ಅವರು ಬಂದು ನಿಂತರು. ತಿನ್ನುತ್ತೇನೆಂದ ಸಂಜೆ ಮಾತ್ರ ಅವರಿಗೆ ಇವತ್ತಿಗೂ ಬಂದಿಲ್ಲ.

ನಿಮ್ಮನ್ನು ಹೊತ್ತುಕೊಂಡು ಹೋದ ಮೇಲೆ ಮನೆಯಲ್ಲಿ ಉಳಿದವರು ನಾಲ್ಕು ಜನ ಹೆಂಗಸರು. ಕೆಳಗಿನ ಮನೆಯ ಮರಾಠಿ ಕಾಕು ಸೆರಗು ಸಿಕ್ಕಿಸಿಕೊಂಡು, "ವೀಣಾ, ಘರಾತಲ ಶಿಜವಲೇಲ ಸಗಳ ಬಾಹೇರ್ ಕಾಢ್" ಎಂದರು. ಮನೆಯಲ್ಲಿ ಬೇಯಿಸಿದ್ದು ಏನಿದೆಯೋ ಎಲ್ಲ ಹೊರಗೆ ಹಾಕು ಅಂತ. ನಮ್ಮ ಮೈಸೂರಿನ ಕಡೆಯೂ ಸೂತಕದ ಮನೆಯಲ್ಲಿ ಮಾಡಿಟ್ಟ ಅಡುಗೆ ಇಡುವುದಿಲ್ಲ. ಅನ್ನ, ಸಾರು, ಹೆಪ್ಪಿಗಿಟ್ಟ ಹಾಲು, ಎಲ್ಲ ಬಕೆಟ್ಟಿಗೆ ಸುರಿದೆ. ಅದೇ ಕೈಯಲ್ಲಿ ಆ ಡಬ್ಬಿಯನ್ನೂ ಬಗ್ಗಿಸಿದೆ. ಕಣ್ಣು ಕಾಣುತ್ತಿರಲಿಲ್ಲ ಅತ್ತೆ, ಅಳು. ಕಾಲನಿ ಗೇಟಿನ ಹತ್ತಿರದ ಹಸು ಅಷ್ಟನ್ನೂ ತಿಂದು ನನ್ನ ಕೈ ನೆಕ್ಕಿತು. ಈಗಲೂ ನನ್ನನ್ನು ಕಂಡರೆ ಸಾಕು, ಇನ್ನೂ ಇದೆಯಾ ಎಂಬಂತೆ ಹಿಂದೆಯೇ ಬರುತ್ತದೆ.

ಹದಿಮೂರನೆಯ ದಿನ ಊಟ ಮುಗಿದ ಮೇಲೆ ಗಿರೀಶ ಅಡುಗೆಮನೆಗೆ ಬಂದರು. "ಅವ್ವನ ಉಂಡಿ ಡಬ್ಬಿ ಐತಲಾ?" ಎಂದು ಕೇಳಿದರು. ಅಷ್ಟು ದಿನದಲ್ಲಿ ಅವರಾಗಿ ಆಡಿದ ಮೊದಲ ಮಾತು ಅದು. ಅತ್ತಿರಲಿಲ್ಲ, ಯಾರ ಮೇಲೂ ರೇಗಿರಲಿಲ್ಲ, ಬಡಿಸಿದ್ದನ್ನು ತಿಂದು ಏಳುತ್ತಿದ್ದರು. ಆ ಮುಖ ನೋಡಿ ಇಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಇದೆ, ಫ್ರೀಜರಿನಲ್ಲಿ ಇಟ್ಟಿದ್ದೀನಿ" ಎಂದುಬಿಟ್ಟೆ. ಅವರು ಅತ್ತ ಹೋದದ್ದೇ ತಡ, ನಿಮ್ಮ ಹೆಸರು ಕೊರೆದ ಆ ಸ್ಟೀಲು ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಫ್ರೀಜರಿಗೆ ತಳ್ಳಿದೆ. ಖಾಲಿ ಡಬ್ಬಿ. ಅಂದಿನಿಂದ ಪ್ರತಿ ಸಲ ಅವರು ಐಸಿಗೆ ಕೈ ಹಾಕಲು ಹೋದಾಗಲೂ ನಾನೇ ಓಡಿ ಹೋಗಿ ತೆಗೆದುಕೊಡುತ್ತೇನೆ.

ಇನ್ನೊಂದು ಹೇಳುತ್ತೇನೆ, ಕೇಳಿ ನಗಬೇಡಿ. ಒಂದು ದಿನ ತಡೆಯಲಾರದೆ ಕಾಕುವಿಗೆ ಉಂಡಿ ಹೊರಗೆ ಹಾಕಿದ ವಿಷಯ ಹೇಳಿಕೊಂಡೆ. ಅವರು ಹಣೆ ಚಚ್ಚಿಕೊಂಡರು. "ಅಗ ವೇಡೆ, ತುಪಾಚೆ ಲಾಡು ಕಶಾಲಾ ಟಾಕಲೇಸ್?" ಎಂದರು. ಹುಚ್ಚಿ, ತುಪ್ಪದ ಉಂಡೆ ಯಾಕೆ ಎಸೆದೆ, ಒಣ ತಿಂಡಿಗೆ ಆ ನಿಯಮವೇ ಇಲ್ಲವಲ್ಲ ಅಂತ! ಎಸೆಯಬೇಕಾಗೇ ಇರಲಿಲ್ಲ. ಕೇಳದೆ ಎಲ್ಲಕ್ಕೂ ಮುಂದೆ ಬೀಳುವ ನನ್ನ ಬುದ್ಧಿಯನ್ನು ನೀವು ಹದಿನಾರು ವರ್ಷ ಬೈದಿರಿ, ಸರಿಯಾಗಿಯೇ ಬೈದಿರಿ.

ನಾನು ಓವನ್ ಕೊಳ್ಳೋಣ ಎಂದು ಹಟ ಹಿಡಿದ ಆ ಡಿಸೆಂಬರ್ ನೆನಪಾಗುತ್ತಿದೆ. ಶಾಲೆಯಲ್ಲಿ ಉಳಿದ ಟೀಚರುಗಳೆಲ್ಲ ರಜೆಗೆ ಕೇಕು, ಬಿಸ್ಕತ್ತು ಮಾಡಿ ತರುತ್ತಿದ್ದರು, ನನಗೆ ಹೊಟ್ಟೆಯುರಿ. ನೀವು ಕುಕ್ಕರಿನ ತಳಕ್ಕೆ ಮರಳು ಹರವಿ, ಸೀಟಿ, ರಬ್ಬರು ಎರಡೂ ತೆಗೆದು, ಒಳಗೊಂದು ಪಾತ್ರೆ ಇಟ್ಟು ರವೆಯ ಕೇಕ್ ಮಾಡಿ ನನ್ನ ಮುಂದೆ ಕುಕ್ಕಿದಿರಿ. ಮಾರನೆಯ ದಿನ ಬಾಣಲೆಗೆ ಉಪ್ಪು ಹಾಕಿ ಕಾಯಿಸಿ ಅದರ ಮೇಲೆ ತಟ್ಟೆ ಇಟ್ಟು ನಾನ್‌ಖಟಾಯಿ. "ಓವನ್ನ ಯಾಕ ಬೇಕವಾ? ನಾಗಪುರದ ಬಿಸಲ ಸಾಲ್ದೇನ? ಮೇ ತಿಂಗಳ ಗ್ಯಾಲರಿಯಾಗ ನಿಂದರು, ನೀನ ಬೇಯ್ತಿ" ಎಂದಿರಿ. ಆ ಬಿಸಿಲೇ ನಿಮ್ಮ ಓವನ್ ಆಗಿತ್ತು ಅಲ್ಲವೇ? ಕಿತ್ತಳೆ ಸಿಪ್ಪೆಯನ್ನು ಅದರಲ್ಲಿ ಗರಿಗರಿ ಒಣಗಿಸಿ, ಪುಡಿ ಮಾಡಿ, ಬೇಸನ್ ಉಂಡಿಗೆ ಬೆರೆಸುವುದು ಇಡೀ ಕಾಲನಿಯಲ್ಲಿ ನೀವೊಬ್ಬರೇ. ದೀಪಾವಳಿಗೆ ಮನೆಮನೆಗೆ ಫರಾಳದ ತಿಂಡಿಗಳ ತಟ್ಟೆ ಹೋಗುವಾಗ ನಮ್ಮ ತಟ್ಟೆಯಿಂದ ಮೊದಲು ಖಾಲಿಯಾಗುತ್ತಿದ್ದುದು ಅದೇ.

ಮದುವೆಯಾಗಿ ಬಂದ ವರ್ಷ ನೀವು ನನ್ನ ಮುಂದೆ ಒಂದು ಬುಟ್ಟಿ ಸಿಪ್ಪೆ ಇಟ್ಟು ಹೋಗಿದ್ದಿರಿ. ನಾನು ಅರ್ಧ ದಿನ ಕೂತು ಚಮಚದಿಂದ ಒಳಗಿನ ಬಿಳಿ ಪದರವನ್ನೆಲ್ಲ ಕೆರೆದು ತೆಗೆದೆ, ನಮ್ಮಮ್ಮ ಗೊಜ್ಜಿಗೆ ಹಾಗೇ ಮಾಡುತ್ತಿದ್ದರು. ನೀವು ಬಂದು ನೋಡಿ, "ಏನ ನಾಜೂಕ ಕೆಲಸವಾ ನಿಂದು" ಎಂದಿರಿ, ಮತ್ತೇನೂ ಹೇಳಲಿಲ್ಲ. ಆಮೇಲೆ ಪ್ರತಿ ವರ್ಷ ನಾನು ಮೇ ರಜೆಗೆ ತವರಿಗೆ ಹೋದಾಗಲೇ ಸಿಪ್ಪೆಯ ಕೆಲಸ ಮುಗಿದಿರುತ್ತಿತ್ತು. ನಾನು ತಿಂದದ್ದು ಬರೀ ಉಂಡಿ. ಕೊನೆಯಲ್ಲಿ ನಾಲಿಗೆಯ ಹಿಂದೆ ಒಂದಿಷ್ಟು ಕಹಿ ಉಳಿಯುತ್ತಿತ್ತು. "ಹಿಟ್ಟು ಹೊತ್ತಿಸಿದ್ದೀರಿ ಅತ್ತೆ" ಎಂದು ಪ್ರತಿ ವರ್ಷ ರೇಗಿಸುತ್ತಿದ್ದೆ. ಪ್ರತಿ ವರ್ಷ ನೀವು ನಕ್ಕು ಸುಮ್ಮನಾಗುತ್ತಿದ್ದಿರಿ.

ಹೋದ ವಾರ ಗಿರೀಶ ಫೋನಿನಲ್ಲಿ ಸುಧಾಗೆ ಹೇಳುವುದು ಕೇಳಿಸಿತು. "ಈ ವರ್ಷ ಹಬ್ಬಿಲ್ಲ, ಖರೆ. ಆದ್ರ ಭಾವುಬೀಜಕ್ಕ ಬಾ. ಅವ್ವನ ಕೈಯಾಗಿಂದು ಇನ್ನ ಒಂದ ಡಬ್ಬಿ ಐತಿ. ಇಬ್ಬರೂ ಕೂತ ತಿನ್ನೂಣು." ಅವರ ದನಿಯಲ್ಲಿ ಎಷ್ಟೋ ತಿಂಗಳ ಮೇಲೆ ಜೀವ ಇತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆಗಲೇ ನಿಜ ಹೇಳಬಹುದಿತ್ತು. ಏನಂತ ಹೇಳಲಿ? ನಿಮ್ಮವ್ವ ಕೊಟ್ಟ ಕೊನೆಯ ತುತ್ತು ಹಸುವಿನ ಹೊಟ್ಟೆ ಸೇರಿದೆ, ಮೂರು ತಿಂಗಳಿನಿಂದ ನಿಮಗೆ ಖಾಲಿ ಡಬ್ಬಿ ತೋರಿಸುತ್ತಿದ್ದೇನೆ ಎಂದೇ?

ಅದಕ್ಕೇ ಅತ್ತೆ, ಐದು ದಿನದಿಂದ ಕಳ್ಳತನದಲ್ಲಿ ಉಂಡಿ ಕಟ್ಟುತ್ತಿದ್ದೇನೆ. ಶಾಲೆಗೆ ದೀಪಾವಳಿ ರಜೆ, ಅವರಿಗೆ ಹಬ್ಬದ ದಿನ ಬಿಟ್ಟರೆ ಆಫೀಸು. ವರ್ಷ ತುಂಬದ ಮನೆಯಲ್ಲಿ ಎಣ್ಣೆಯ ಬಾಣಲೆ ಇಡುವ ಹಾಗಿಲ್ಲ, ಸಿಹಿ ಮಾಡಿದರೂ ಜನ ಆಡಿಕೊಳ್ಳುತ್ತಾರೆ. ಕಿಟಕಿ ಮುಚ್ಚಿ, ಬಾಗಿಲ ಕೆಳಗೆ ಟವೆಲ್ ತುರುಕಿ ಹಿಟ್ಟು ಹುರಿಯುತ್ತೇನೆ. ನೀವಿಟ್ಟ ಸಿಪ್ಪೆ ಪುಡಿಯ ಬಾಟಲಿಯನ್ನು ಬೋರಲು ಹಾಕಿ ತಟ್ಟಿದೆ, ಏನೂ ಬೀಳಲಿಲ್ಲ. ಹೊಸ ಕಿತ್ತಳೆ ತಂದೆ, ಇನ್ನೂ ಹಸಿರು, ಹುಳಿ. ಸಿಪ್ಪೆಯನ್ನು ಚೆನ್ನಾಗಿ ಕೆರೆದು, ಈ ತಿಂಗಳ ಬಿಸಿಲು ಸಾಲದೆ ಸಣ್ಣ ಉರಿಯ ಹೆಂಚಿನ ಮೇಲೆ ಒಣಗಿಸಿದೆ. ಮೊದಲ ಸಲ ಹಿಟ್ಟು ಬಿಸಿಯಿರುವಾಗಲೇ ಸಕ್ಕರೆ ಸುರಿದೆ, ಅಂಟಿನ ಹಾಗೆ ಆಯಿತು. ಎರಡನೆಯದು ಕಟ್ಟಲು ಬರಲೇ ಇಲ್ಲ. ಮೂರನೆಯದಕ್ಕೆ ಹಾಲು ಚಿಮುಕಿಸಿದೆ, ನೀವು ಮಾಡಿದ ಹಾಗೇ ನೊರೆಯೆದ್ದು ಹರಳಾಯಿತು. ಆದರೆ ಬಾಯಿಗೆ ಹಾಕಿದರೆ ಬರೀ ಸಿಹಿ. ಆ ಕೊನೆಯ ಕಹಿ ಇಲ್ಲ! ಇನ್ನಷ್ಟು ಹುರಿದೆ, ಕೆಂಪಾಗುವ ತನಕ, ಕಪ್ಪಾಗುವ ತನಕ. ಕಹಿ ಬಂತು, ಸುಟ್ಟ ಕಹಿ, ನಿಮ್ಮದಲ್ಲ. ಅದನ್ನು ಹಸು ಕೂಡ ಮೂಸಿ ಬಿಟ್ಟಿತು.

ಈಗ ನನ್ನ ಮುಂದೆ ತಟ್ಟೆಯಲ್ಲಿ ಏಳನೆಯ ಸಲದ್ದು ಆರುತ್ತಿದೆ. ನೋಡಲು ಥೇಟ್ ನಿಮ್ಮದೇ. ರುಚಿ ನೋಡಿದೆ, ಅದೇ ಬರೀ ಸಿಹಿ. ಹಿಟ್ಟು ಮುಗಿದಿದೆ, ತುಪ್ಪ ಮುಗಿದಿದೆ, ಐದೂವರೆಗೆ ಅವರು ಬರುತ್ತಾರೆ. ಏನು ಹಾಕುತ್ತಿದ್ದಿರಿ ಅತ್ತೆ? ಯಾಕೆ ಒಂದು ದಿನವಾದರೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಲಿಲ್ಲ? ಅಥವಾ ನಾನೇ ಕೂರಲಿಲ್ಲವೇ? ನಾಳೆ ಅವರು ಒಂದು ತುತ್ತು ತಿಂದು ನನ್ನ ಮುಖ ನೋಡಿದರೆ... ಉಂಡಿಯಂತೂ ಹೋಯಿತು, ನನ್ನ ಮೇಲಿನ ನಂಬಿಕೆಯೂ ಹೋದರೆ ಈ ಮನೆಯಲ್ಲಿ ನಾನು ಹೇಗಿರಲಿ? ಬೇಡಿಕೊಳ್ಳುತ್ತೇನೆ, ಕನಸಿನಲ್ಲಾದರೂ ಬಂದು ಹೇಳಿ. ಬೈದೇ ಹೇಳಿ. ಬೆಲ್ ಆಯಿತು. ತಟ್ಟೆ ಬಚ್ಚಿಡಬೇಕು.

ಅತ್ತೆ, ಅವತ್ತು ಅಲ್ಲಿಗೇ ಬಿಟ್ಟಿದ್ದೆ. ಇವತ್ತಿಗೆ ಮೂರು ದಿನ. ನೀವು ಕನಸಿಗೆ ಬರಲಿಲ್ಲ, ಆ ಕೋಪ ನನಗಿನ್ನೂ ಇದೆ.

ಭಾವುಬೀಜದ ಬೆಳಿಗ್ಗೆ ಸುಧಾ ಅಣ್ಣನಿಗೆ ಆರತಿ ಎತ್ತಿದಳು. ಆಮೇಲೆ ಇಬ್ಬರೂ ನಿಮ್ಮ ಫೋಟೋದ ಎದುರು ನೆಲದ ಮೇಲೆ ಕೂತರು. ಏಳನೆಯ ಸಲದ ಉಂಡಿ ತುಂಬಿ ಫ್ರೀಜರಿನಲ್ಲಿ ಇಟ್ಟಿದ್ದ ಡಬ್ಬಿಯನ್ನು ನಾನು ತಂದೆ. ಕೊಡಲಾರದೆ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ನಿಂತೆ. "ವೈನಿ, ಭಾಳ ಥಂಡಿ ಐತಿ ಡಬ್ಬಿ, ನಾ ಹಿಡೀತೀನಿ ಕೊಡ್ರಿ" ಎಂದು ಸುಧಾನೇ ತೆಗೆದುಕೊಂಡಳು. ಒಂದನ್ನು ಬಾಯಿಗಿಟ್ಟುಕೊಂಡವಳೇ "ಅವ್ವನ ಕೈ... ಅವ್ವನ ಕೈಯಿಂದ ಐತಿ ನೋಡಣ್ಣಾ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗಿರೀಶ ಕಚ್ಚಿದರು. ಅಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದರು. ನಾನು ನೆಲ ನೋಡುತ್ತಾ ಕೂತೆ. ಆಮೇಲೆ ನಿಧಾನವಾಗಿ, ಅಂಗೈಗೆ ಉದುರಿದ ಪುಡಿಯನ್ನೂ ಬಿಡದೆ ತಿಂದರು. ನಿಮ್ಮ ಫೋಟೋ ನೋಡಿ "ತಡಾ ಆತವ್ವಾ" ಎಂದರು. ಅಷ್ಟೇ. ಆಮೇಲೆ ಮೊಣಕಾಲಿನ ನಡುವೆ ತಲೆ ಇಟ್ಟು ಅತ್ತರು, ಮೂರು ತಿಂಗಳದ್ದು ಒಟ್ಟಿಗೇ. ಸುಧಾ ಅವರ ಬೆನ್ನು ಸವರುತ್ತಿದ್ದಳು. ನನಗೆ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಕಳ್ಳಮಾಲು ಹಂಚಿದವಳು ಸಮಾಧಾನ ಹೇಗೆ ಹೇಳಲಿ?

ಇವತ್ತು ಬೆಳಿಗ್ಗೆ ಸುಧಾಳನ್ನು ರೈಲು ಹತ್ತಿಸಿ ಬಂದು ಅವರು ಆಫೀಸಿಗೆ ಹೊರಟರು. ನಾನು ಅಡುಗೆಮನೆಯಲ್ಲಿ ಅವರ ಊಟದ ಡಬ್ಬಿ ಕಟ್ಟುತ್ತಾ, ಇವತ್ತು ಹೇಳಿಬಿಡಬೇಕು, ಈಗಲೇ, ಎಂದುಕೊಳ್ಳುತ್ತಿದ್ದೆ. ಬೂಟು ಹಾಕಿಕೊಂಡವರು ಬಿಚ್ಚಿಟ್ಟು ಒಳಗೆ ಬಂದರು. ಬುಟ್ಟಿಯಲ್ಲಿ ಉಳಿದ ಕಿತ್ತಳೆಯೊಂದನ್ನು ಕೈಗೆತ್ತಿಕೊಂಡು ತಿರುಗಿಸಿದರು. ನನ್ನ ಮುಖ ನೋಡಲಿಲ್ಲ.

"ಮುಂದಿನ ಸಲ ಮಾಡುವಾಗ ಸಿಪ್ಪಿ ಒಳಗಿನ ಬಿಳೀದು ಕೆರದ ತಗೀಬ್ಯಾಡ," ಎಂದರು. "ಅವ್ವ ತಗೀತಿರ್ಲಿಲ್ಲ."

ಅವರು ನಿಮ್ಮ ಹೆಸರಿನ ಡಬ್ಬಿಯಿಂದ ಒಂದು ಉಂಡಿ ತೆಗೆದು ಬಾಯಿಗೆ ಹಾಕಿಕೊಂಡರು, ಮತ್ತೆ ಬೂಟು ಹಾಕಿಕೊಂಡು ಹೋದರು. ಆಫೀಸಿಗೆ ಹೊರಟವರು ನಿಂತು ತಿಂದು ಹೋದರು ಅತ್ತೆ.

ಹಸುವಿನ ವಿಷಯ ಸಂಜೆ ಅವರು ಬಂದ ಮೇಲೆ ನಾನೇ ಹೇಳುತ್ತೇನೆ. ನಿಮಗೆ ಮಾತು ಕೊಡುತ್ತಿದ್ದೇನೆ, ಇವತ್ತು ತಪ್ಪುವುದಿಲ್ಲ. ಉಳಿದ ಕಿತ್ತಳೆಯನ್ನೆಲ್ಲ ಸುಲಿದಿದ್ದೇನೆ. ಸಿಪ್ಪೆ ಗ್ಯಾಲರಿಯಲ್ಲಿ ನಿಮ್ಮ ಹಳೆಯ ಸೀರೆಯ ಮೇಲೆ ಒಣಗುತ್ತಿದೆ, ಬಿಳಿ ಪದರದ ಸಮೇತ. ಬಿಸಿಲು ಸಾಲದು, ಗೊತ್ತು. ಎಷ್ಟು ದಿನ ಬೇಕೋ ಅಷ್ಟು ದಿನ ಇಡುತ್ತೇನೆ.

ನಿಮ್ಮ ಸೊಸೆ,
ವೀಣಾ