ಆಚೆ ದಡದಿಂದ ಬರೆದ ಚಿತ್ರ

ಅಂಗಡಿ,
ಗುರುವಾರ ಮಧ್ಯಾಹ್ನ

ಅಣ್ಣನಿಗೆ,

‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ಆರೋಗ್ಯವೇ? ಬೆಳಗಿನ ಮಂಜಿನಲ್ಲಿ ನಿಂತರೆ ನಿನಗೆ ವಾರವಿಡೀ ಸೀನು. ಈ ಸಲವೂ ಬಂದಿದ್ದರೆ ನನಗೆ ಒಂದಿಷ್ಟೂ ಬೇಸರವಿಲ್ಲ. ಯಾಕೆಂದು ಮುಂದೆ ಓದು.

ನಿನ್ನ ಚಿತ್ರವನ್ನು ಸೋಮವಾರ ಗ್ಯಾಲರಿಯವರೇ ತಂದುಕೊಟ್ಟರು. ಕಂಡವರ ಚಿತ್ರಕ್ಕೆ ಚೌಕಟ್ಟು ಹಾಕುತ್ತಾ ಸಾಯಲಾರೆ ಎಂದು ಆರು ವರ್ಷದ ಹಿಂದೆ ಅಪ್ಪನ ಅಂಗಡಿಯನ್ನೂ ಅಮ್ಮನನ್ನೂ ನನ್ನ ತಲೆಯ ಮೇಲೆ ಹಾಕಿ ಹೋದವನು, ಈಗ ಕಟ್ಟು ಹಾಕಿಸಲು ನನ್ನ ಹತ್ತಿರವೇ ಕಳಿಸಿದ್ದೀಯ. ಜೊತೆಗೊಂದು ಚೀಟಿ: ‘ನಮ್ಮ ಕೆರೆ. ನೆನಪಿನಿಂದ ಬರೆದದ್ದು. ತೆಳು ಪಟ್ಟಿ ಸಾಕು.’ ಅಮ್ಮ ಹೇಗಿದ್ದಾಳೆ ಎಂದು ಕೇಳಲು ಜಾಗ ಸಾಲಲಿಲ್ಲವೇನೋ.

ಗ್ಯಾಲರಿಯವರು ಕಣ್ಣು ಅರ್ಧ ಮುಚ್ಚಿಕೊಂಡು, ಇದರಲ್ಲಿ ಕೆರೆಯ ಮನಸ್ಸೇ ಇದೆ ಎಂದರು. ಇಂಥ ಮಾತು ದಿನಕ್ಕೆ ಹತ್ತು ಕೇಳುವ ನಾನು ತಲೆಯಾಡಿಸಿ ಅಳತೆ ಹಿಡಿದೆ. ಅವರು ಹೋದ ಮೇಲೆ ಸರಿಯಾಗಿ ನೋಡಿದೆ. ಹತ್ತಿರದಿಂದ ಬರೀ ಬಣ್ಣದ ಗೀಚು. ಬೂದು, ತಿಳಿನೇರಳೆ, ನಡುವೆ ಒಂದೆಳೆ ಹಳದಿ. ಮೂರು ಹೆಜ್ಜೆ ಹಿಂದೆ ಸರಿದರೆ ಮಂಜು ಏಳುತ್ತದೆ, ನೀರು ಇನ್ನೂ ನಿದ್ದೆಗಣ್ಣಿನಲ್ಲಿದೆ, ತೋಳಿಗೆ ಚಳಿ ತಾಗುತ್ತದೆ. ಒಂದು ಗೆರೆಯೂ ನೆಟ್ಟಗಿಲ್ಲ, ಆದರೂ ಎಲ್ಲ ನಮ್ಮ ಕೆರೆಯದೇ. ಚೆನ್ನಾಗಿದೆ, ಅಣ್ಣ. ಕೆಟ್ಟದಾಗಿ ಬರೆದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಮೇಲೆ ಚಿತ್ರದ ಮೂಲೆಯಲ್ಲಿ, ಕೆರೆಯ ಮೆಟ್ಟಿಲ ಪಕ್ಕದ ನೀಲಿ ಕಂಡಿತು. ಉಗುರಿನಷ್ಟು ನೀಲಿ, ಅದರ ಮೇಲೆ ಕುಂಚದ ಬಿಳಿಯ ಒಂದು ಒತ್ತು. ಅದು ಅಮ್ಮ. ನೀನಿದ್ದಾಗ ಅವಳು ದಿನಾ ಬೆಳಗ್ಗೆ ಕೂರುತ್ತಿದ್ದದ್ದು ಕಲ್ಲಿನ ಮೆಟ್ಟಿಲ ಮೇಲೆ. ಮಂಡಿ ಮಡಚಲಾಗದೆ ಹೋದ ಮೇಲೆ, ಈ ವರ್ಷ, ಆ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದವಳು ನಾನು. ಆರು ವರ್ಷ ಹಳೆಯ ನೆನಪಿನೊಳಗೆ ಅದು ಹೇಗೆ ಬಂತು? ನೀನು ಬಂದಿದ್ದೆ. ಆಚೆ ದಡದಲ್ಲಿ ನಿಂತು, ಅಮ್ಮನನ್ನು ನೋಡಿ, ಬರೆದು, ಎಲ್ಲ ಕಟ್ಟಿಕೊಂಡು ಹೋದೆ. ದಡ ಸುತ್ತಿ ಮನೆಗೆ ಬರಲು ಹತ್ತು ನಿಮಿಷ ಸಾಕು. ನನ್ನ ಮೇಲೆ ಮುನಿಸಿರಲಿ, ಅವಳು ನಿನಗೇನು ಮಾಡಿದ್ದಳು? ಆ ಮೂಲೆಯ ಒಂಟಿತನವನ್ನು ಜನ ಇನ್ನು ಬಾಯಿ ತುಂಬ ಹೊಗಳುತ್ತಾರೆ. ಅದನ್ನು ಮಾಡಿಟ್ಟವನೂ ನೀನೇ ಎಂದು ಅವರಿಗೆ ಯಾರು ಹೇಳಬೇಕು?

ಕಟ್ಟು ಸಿದ್ಧವಾಗಿದೆ. ನೀನು ಕೇಳಿದ ತೆಳು ಪಟ್ಟಿಯೇ. ಕೆಲಸದಲ್ಲಿ ಸೇಡು ತೀರಿಸಲು ಅಪ್ಪ ನನಗೆ ಕಲಿಸಲಿಲ್ಲ. ಕೊನೆಯಲ್ಲಿ ಒಳ್ಳೆಯದಾಗಲಿ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೊ.

ನಿನ್ನ ತಂಗಿ

ಸಹಿ ಹಾಕಿದ ಮೇಲೆ: ಚಿತ್ರವನ್ನು ಅಮ್ಮನ ಕಣ್ಣಿಗೆ ಬೀಳಿಸಬಾರದೆಂದಿದ್ದೆ. ಈಗಷ್ಟೇ ಅಂಗಡಿಗೆ ಬಂದವಳು ನೋಡಿಬಿಟ್ಟಳು. ಆಚೆ ದಡದಲ್ಲಿ ನಿಂತವನು ನೀನೆಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಅಲ್ಲಾಡಿದರೆ ನಿನ್ನ ಕೆಲಸ ಕೆಡುತ್ತದೆಂದು ನೀನು ಬಂದ ನಾಲ್ಕೂ ದಿನ ಬೆಳಗ್ಗೆ ಜಾರಿದ ಶಾಲನ್ನು ಸಹ ಎಳೆದುಕೊಳ್ಳದೆ ಕೂತಿದ್ದಳಂತೆ. ಅವಳಿಗೆ ಈ ಕೆಮ್ಮು ಎಲ್ಲಿಂದ ಬಂತೆಂದು ನಾನು ತಿಂಗಳಿಂದ ಡಾಕ್ಟರ ತಲೆ ತಿನ್ನುತ್ತಿದ್ದೆ. ಆ ಬಿಳಿಯ ಒತ್ತಿನ ಹತ್ತಿರ ಬೆರಳು ತಂದು, “ಮುಖ ಇನ್ನೂ ಬರ್ದಿಲ್ಲ ನೋಡು. ಮುಗ್ಸೋಕೆ ಬಂದೇ ಬರ್ತಾನೆ” ಎಂದಳು. ನಾಳೆ ಬೆಳಗ್ಗೆಯೂ ಕುರ್ಚಿ ಹಾಕು ಎಂದಿದ್ದಾಳೆ.